ಊರಿಗೆಲ್ಲ ಗೊತ್ತಿದ್ದ ಒಂಟೆ

ಒಂಬತ್ತನೆಯದೂ ತಪ್ಪಾಯಿತು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಇನ್ನೊಂದೇ ಅವಕಾಶ, ಆಮೇಲೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ.

“ಮದುವೆ ತಾರೀಕು ಹಾಕಿದ್ಯೇನಪ್ಪಾ?” ಸತ್ತವನ ಹೆಂಡತಿ ಕೇಳಿದಳು.

“ಹಾಕ್ದೆ ಅತ್ತಿಗೆ. ನಿಮ್ಮ ಹೆಸರೂ ಹಾಕ್ದೆ. ಅಣ್ಣ ನಿಮ್ಮನ್ನ ಲೆಕ್ಕಕ್ಕೇ ಇಟ್ಟಿಲ್ಲ,” ಎಂದ ಮೈದುನ.

ಪಕ್ಕದ ಕೋಣೆಯಲ್ಲಿ ಅಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಕಂಪ್ಯೂಟರ್ ರಿಪೇರಿಯವನು. ಸತ್ತ ಯಂತ್ರವೂ ಅವನ ಕೆಮ್ಮು ಕೇಳಿದರೆ ಎದ್ದು ಕೂರುತ್ತಿತ್ತು. ಗುಟ್ಟು ಕಾಯುವುದರಲ್ಲಂತೂ ಸ್ಮಶಾನಕ್ಕೇ ಪಾಠ ಹೇಳುವ ಗಿರಾಕಿ. ಸ್ವಂತ ನೆರಳಿಗೂ ತನ್ನ ಹೆಸರು ಹೇಳಿರಲಿಲ್ಲ. ಅವನ ಪಾಸ್‌ವರ್ಡುಗಳು, ಗುಟ್ಟಿನ ಕಾಗದಗಳು, ಎಲ್ಲ ಅವನ ಲ್ಯಾಪ್‌ಟಾಪಿನ ಈ ಒಂದೇ ತಿಜೋರಿಯೊಳಗೆ. ತೆರೆಯುವ ಪಾಸ್‌ವರ್ಡ್ ಮಾತ್ರ ಯಾರಿಗೂ ಗೊತ್ತಿಲ್ಲ.

ಜಗಳವಾಡಿ ಮನೆ ಬಿಟ್ಟ ಮಗನ ನಂಬರೂ ಅಲ್ಲೇ ಇರಬೇಕು. ಒಂಬತ್ತು ವರ್ಷದಿಂದ ಅವನು ಅಮ್ಮನಿಗೆ ತಿಂಗಳಿಗೊಂದು ಮೇಲ್ ಬರೆಯುತ್ತಿದ್ದ. ಬೆಳಗಿನಿಂದ ಅವಳು ಆರು ಮೇಲ್ ಕಳಿಸಿದ್ದಳು. ಉತ್ತರವಿಲ್ಲ. ಹೆಣದ ಗಾಡಿ ನಾಲ್ಕಕ್ಕೆ ಬರುವುದಿತ್ತು.

“ಒಂಟೆ ಹಾಕಿ ನೋಡಿ,” ಎಂದಳು ಮೂಲೆಯಲ್ಲಿ ಕೂತಿದ್ದ ಟೈಲರಮ್ಮ.

*

“ಪಾಸ್‌ವರ್ಡಿಗೆ ಹುಟ್ಟಿದ ದಿನ ಬೇಡ, ಗಾದೆ ಬೇಡ, ಹಾಡು ಬೇಡ,” ಎಂದಿದ್ದ ರಿಪೇರಿಯವನು, ಅಂಗಡಿಯಲ್ಲಿ ಟೈಲರಮ್ಮನಿಗೆ. “ಸಂಬಂಧವೇ ಇಲ್ಲದ ನಾಲ್ಕು ಪದ ಹೆಕ್ಕಿ, ಒಂದು ಹುಚ್ಚು ಚಿತ್ರ ಕಟ್ಟಿ. ಏಣಿ, ಒಂಟೆ, ಇಸ್ತ್ರಿ, ಕೆಮ್ಮು. ಏಣಿ ಹತ್ತಿದ ಒಂಟೆ ಇಸ್ತ್ರಿ ಮಾಡ್ತಾ ಕೆಮ್ಮುತ್ತೆ. ಸತ್ರೂ ಮರೆಯಲ್ಲ!”

“ಇದನ್ನೇ ಇಟ್ಕೋತೀನಿ ಬಿಡಿ.”

“ಅಯ್ಯೋ, ಇದು ಊರಿಗೆಲ್ಲ ಹೇಳಿರೋದು ತಾಯೀ! ಇದೊಂದು ಬಿಟ್ಟು ಬೇರೆ ಯಾವುದಾದ್ರೂ ಇಟ್ಕೊಳ್ಳಿ.”

ಹತ್ತು ಸಾವಿರ ಜನಕ್ಕಾದರೂ ಆ ಒಂಟೆಯನ್ನು ಏಣಿ ಹತ್ತಿಸಿ ತೋರಿಸಿದ್ದಾನೆ. ಒಂದು ಕಡಿಮೆಯಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

*

“ಅಣ್ಣ ಅಷ್ಟು ಪೆದ್ದನಾ? ಉಳಿದಿರೋದು ಒಂದೇ ಸಲ,” ಎಂದ ಮೈದುನ.

“ಪಾಠ ಹೇಳೋರ ಮನೆ ಪಾಡು ನಂಗೊತ್ತಿಲ್ವಾ? ಹಾಕು,” ಎಂದಳು ಹೆಂಡತಿ.

ಏಣಿ, ಒಂಟೆ, ಇಸ್ತ್ರಿ, ಕೆಮ್ಮು: ತಿಜೋರಿ ತೆರೆಯಿತು. ಟೈಲರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಹೆಂಡತಿ ಲ್ಯಾಪ್‌ಟಾಪನ್ನು ತೊಡೆಗೆ ಎಳೆದುಕೊಂಡು, ಗೋಡೆಗೆ ಒರಗಿದಳು.

“ಮಗ” ಎಂಬ ಕಡೆ ನಂಬರ್ ಇರಲಿಲ್ಲ. ಅವನ ಹೆಸರಿನ ಒಂದು ಮರಣ ಪ್ರಮಾಣಪತ್ರದ ಫೋಟೋ ಇತ್ತು, ಎಂಟು ವರ್ಷ ಹಳೆಯದು. ಅದರ ಕೆಳಗೆ ಮಗನ ಮೇಲ್ ವಿಳಾಸ, ಅದರ ಪಾಸ್‌ವರ್ಡ್. ಬೆರಳು ತಾನಾಗಿ ಒತ್ತಿತು; ಮಗನ ಮೇಲ್ ತೆರೆದುಕೊಂಡಿತು. ಅವಳಿಗೆ ಬಂದಿದ್ದ ಮೇಲ್‌ಗಳೆಲ್ಲ ಅಲ್ಲಿದ್ದವು, ಎಂಟು ವರ್ಷದಿಂದ ಬಂದವೆಲ್ಲ ಈ ಲ್ಯಾಪ್‌ಟಾಪಿನಿಂದಲೇ ಹೋಗಿದ್ದವು. ಬೆಳಗಿನ ಅವಳ ಆರೂ ಅಲ್ಲೇ, ತೆರೆಯದೆ. ಬರೆದು ಕಳಿಸದೆ ಇಟ್ಟದ್ದು ಒಂದೇ ಒಂದು:

ಅಮ್ಮಾ, ಅಪ್ಪ ಹೋದ ಸುದ್ದಿ ಗೊತ್ತಾಯ್ತು. ಬರೋಕಾಗ್ತಿಲ್ಲ. ನೀನು ಊಟ ಬಿಡಬೇಡ.

ಹೊರಗೆ ಗಾಡಿ ಬಂದು ನಿಂತಿತು.

“ನಂಬರ್ ಸಿಕ್ತಾ ಅತ್ತಿಗೆ?”

ಅವಳು “ಕಳಿಸು” ಒತ್ತಿದಳು. ಪಕ್ಕದಲ್ಲಿದ್ದ ಅವಳ ಫೋನು ಗುಂಯ್‌ಗುಟ್ಟಿತು.

“ನೋಡಪ್ಪಾ, ಬರೆದಿದ್ದಾನೆ,” ಎಂದು ಒಂದು ಕೈಯಲ್ಲಿ ಫೋನು ಚಾಚಿದಳು. ಇನ್ನೊಂದು ಕೈ ಲ್ಯಾಪ್‌ಟಾಪಿನ ಮುಚ್ಚಳವನ್ನು, ಒಳಗಿನಿಂದ ಯಾರೋ ತಳ್ಳುತ್ತಿರುವಂತೆ, ಅದುಮಿ ಹಿಡಿದಿತ್ತು.