ಚರ್ಮ ಕೊಟ್ಟ ಜಾಗ

ಡಾಕ್ಟರ್ ನೀಲಾಂಬಿಕ ಅವರು ವಾರ್ಡಿಗೆ ಬಂದರೆ ಮೊದಲು ನೋಡುತ್ತಿದ್ದುದು ಸುಟ್ಟ ಗಾಯವನ್ನಲ್ಲ, ಆ ಗಾಯ ಮುಚ್ಚಲೆಂದು ಚರ್ಮ ತೆಗೆದ ತೊಡೆಯನ್ನು. ಕೈಯ ಮೇಲೋ ಕುತ್ತಿಗೆಯ ಮೇಲೋ ಕೂರಿಸಿದ ಹೊಸ ಚರ್ಮ ಹಿಡಿಯಿತೇ ಇಲ್ಲವೇ ಎಂದು ಮನೆಯವರೆಲ್ಲ ಕತ್ತು ಚಾಚಿ ನಿಂತಿರುವಾಗ, ಈಕೆ ಹೊದಿಕೆಯನ್ನು ಇನ್ನೊಂದು ಬದಿಯಿಂದ ಸರಿಸಿ, ಯಾರೂ ವಿಚಾರಿಸದ ಆ ಹಸಿ ಚೌಕವನ್ನು ಹುಬ್ಬು ಗಂಟಿಕ್ಕಿಕೊಂಡು ನೋಡುತ್ತ ನಿಲ್ಲುವರು. ಸುಟ್ಟ ಜಾಗ ಮರಗಟ್ಟಿದ್ದರೂ ಇರಬಹುದು, ಆದರೆ ಚರ್ಮ ಕೊಟ್ಟ ಜಾಗ ಹಗಲಿರುಳು ಉರಿಯುತ್ತದೆ ಎಂಬುದನ್ನು ನಾನು ತಿಳಿದದ್ದು ಅವರಿಂದ.

ಕುಳ್ಳ ಮೈ, ದೊಡ್ಡ ಹೆಜ್ಜೆ. ಜಗಳಕ್ಕೆ ಹೊರಟವರಂತೆ ಮುಂದಕ್ಕೆ ಬಾಗಿ ನಡೆಯುತ್ತಿದ್ದ ಅವರ ಚಪ್ಪಲಿಯ ಸದ್ದು ಕೇಳಿದೊಡನೆ ಶಿಕಾರಿಪುರದ ಆ ಪುಟ್ಟ ನರ್ಸಿಂಗ್ ಹೋಮಿನ ವರಾಂಡದಲ್ಲಿ ಹರಟೆಗೆ ಕೂತವರು ಎದ್ದು ನಿಲ್ಲುತ್ತಿದ್ದರು. ಬಿಳಿ ಕೋಟಿನ ಬಲಜೇಬು ಸದಾ ಹರಿದಿರುತ್ತಿತ್ತು. ಟಾರ್ಚು, ಕತ್ತರಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಅದರೊಳಗೇ ತುರುಕುವರು. ಮನುಷ್ಯರ ಚರ್ಮವನ್ನು ಅಷ್ಟು ನಾಜೂಕಾಗಿ ಹೊಲಿಯುತ್ತಿದ್ದ ಆ ಕೈ ತನ್ನ ಜೇಬಿಗೆ ಒಂದು ಹೊಲಿಗೆ ಹಾಕಿದ್ದನ್ನು ನಾನು ಕಾಣೆ. ಎದುರಿಗಿದ್ದವರು ಯಾರೇ ಇರಲಿ, ಮಾತು ಸ್ವಲ್ಪ ಉದ್ದವಾದರೆ ನಡುವೆಯೇ "ಮುಂದೆ?" ಎಂದು ಕತ್ತರಿಸಿಬಿಡುವರು. ಕನ್ನಡ ಮೇಷ್ಟರಾದ ನನ್ನ ಸ್ಥಿತಿ ಅವರೆದುರು ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಊರು ಅವರಿಗೆ ಸಿಡುಕು ಡಾಕ್ಟ್ರಮ್ಮ ಎಂದು ಹೆಸರಿಟ್ಟಿತ್ತು. ಗಂಡಸು ಸರ್ಜನ್ನು ಗದರಿದರೆ ಶಿಸ್ತಿನ ಮನುಷ್ಯ ಎಂದು ಕೈಮುಗಿಯುವ ಊರು, ಹೆಂಗಸು ಗದರಿದರೆ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಪಿಸುಗುಡುತ್ತದೆ. ನನ್ನ ಮೈ ಉರಿಯುವುದು ಇಂಥದಕ್ಕೆ. ಅವರ ಸಿಟ್ಟಿಗೆ ಕಾರಣಗಳು ಬೇಕಾದಷ್ಟಿದ್ದವು. ಗಾಯವಾದವರಿಗೆ ಬೇಳೆ, ಹಾಲು, ಕಾಯಿ ಕೊಟ್ಟರೆ ನಂಜಾಗುತ್ತದೆಂದು ಬರೀ ಗಂಜಿ ಕುಡಿಸುವ ಪಥ್ಯ ನಮ್ಮ ಕಡೆ ಮನೆಮನೆಯಲ್ಲೂ ಉಂಟು. ಬಳ್ಳಿಗಾವಿಯ ಗುತ್ಯಪ್ಪನೆಂಬವನು ಸುಟ್ಟುಕೊಂಡ ಹೆಂಡತಿಗೆ ನೀರುಗಂಜಿ ಕುಡಿಸಿ, ಅವಳ ಮಂಚದ ಬದಿಯಲ್ಲೇ ಬುತ್ತಿ ಬಿಚ್ಚಿ ಬೇಳೆಸಾರು ಕಲಸುತ್ತಿದ್ದಾಗ ಡಾಕ್ಟರು ಬಂದರು. ಬುತ್ತಿಯನ್ನು ಹೆಂಡತಿಯ ಮುಂದಿಟ್ಟು, ಗಂಜಿಯ ಲೋಟವನ್ನು ಅವನ ಕೈಗಿತ್ತು, ಇಬ್ಬರೂ ಮುಗಿಸುವ ತನಕ ಅಲ್ಲೇ ನಿಂತಿದ್ದರು. ಹೊಸ ಚರ್ಮ ಗಾಳಿಯಿಂದ ಹುಟ್ಟುತ್ತದೆಯೇ ಎಂದು ಆಮೇಲೆ ನನ್ನ ಮೇಲೆ ರೇಗಿದರು, ಪಥ್ಯ ಬರೆದವನು ನಾನೇ ಎಂಬಂತೆ.

ಗಂಗಾಶ್ರೀ ನನ್ನ ವಿದ್ಯಾರ್ಥಿನಿ, ನಾನು ಆ ವಾರ್ಡಿಗೆ ಹೋಗಿಬರುತ್ತಿದ್ದುದು ಅವಳನ್ನು ನೋಡಲೆಂದೇ. ಸೊರಬದ ಹೊಸಬಾಳೆಯ ಹುಡುಗಿ, ಕಾಲೇಜು ಮುಗಿಸುತ್ತಿದ್ದಂತೆ ಅಂಜನಾಪುರದ ಕಡೆಗೆ ಮದುವೆಯಾಗಿ ಹೋದಳು. ತೊಂಬತ್ತೆಂಟರ ಕಬ್ಬಿನ ಸುಗ್ಗಿಯಲ್ಲಿ, ಗಂಡನ ಮನೆಯ ಆಲೆಮನೆಯಲ್ಲಿ, ಕೊಪ್ಪರಿಗೆ ಇಳಿಸುವಾಗ ವಾಲಿ ಕುದಿಯುವ ಬೆಲ್ಲದ ಪಾಕ ಅವಳ ಬಲಗೈ, ಕಂಕುಳು, ಬಲತೊಡೆಯ ಮೇಲೆ ಬಿತ್ತು. ನೀರಾದರೆ ಹರಿದುಹೋಗುತ್ತದೆ, ಪಾಕ ಅಂಟಿ ಕೂತು ಸುಡುತ್ತದೆ. ಚರ್ಮ ತೆಗೆಯಲು ಉಳಿದದ್ದು ಎಡತೊಡೆಯೊಂದೇ. ಅದರಿಂದ ಮೊದಲ ಸಲ ಕೈ ಮುಚ್ಚಿದ್ದಾಯಿತು, ಕಂಕುಳಿಗೆ ಸಾಲಲಿಲ್ಲ. ಆ ತೊಡೆ ಮಾಗಿದ ಮೇಲೆ ಅಲ್ಲಿಂದಲೇ ಮತ್ತೆ ಎತ್ತಬೇಕು. ತಡವಾದಷ್ಟೂ ಕಂಕುಳಿನ ಗಾಯ ಮುದುರಿ ತೋಳನ್ನು ಪಕ್ಕೆಗೆ ಎಳೆದು ಕಟ್ಟಿಹಾಕುತ್ತದೆ ಎಂದು ಡಾಕ್ಟರು ನನಗೆ ತೋರಿಸಿ ಹೇಳಿದರು.

"ಅವಳ ತಲೆ ಅವಳೇ ಬಾಚ್ಕೋಬೇಕ್ರಿ. ನಂಗೆ ಬೇಕಾದ್ದು ಅಷ್ಟೇ" ಎಂದರು.

ತೊಡೆ ಮಾತ್ರ ಮಾಗಲೊಲ್ಲದು. ಪರದೇಶದಲ್ಲಿದ್ದ ಸಹಪಾಠಿಯೊಬ್ಬರು ಡಾಕ್ಟರಿಗೆ ಕಳಿಸುತ್ತಿದ್ದ ವೈದ್ಯಕೀಯ ಪತ್ರಿಕೆಗಳಲ್ಲಿ ಆ ದಿನಗಳಲ್ಲಿ ಒಂದು ಹೊಸ ಮಾತು ಬರತೊಡಗಿತ್ತು. ರೋಗಿಯ ರಕ್ತವನ್ನೇ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಭಾಗ ತಳಕ್ಕಿಳಿದು ಮೇಲೆ ಹಳದಿ ನೀರು ನಿಲ್ಲುತ್ತದೆ. ಗಾಯ ಕೂಡಿಸುವ ಕಣಗಳು ದಟ್ಟವಾಗಿರುವ ಭಾಗವನ್ನು ಅದರಿಂದ ಬೇರ್ಪಡಿಸಿ ಹೆಪ್ಪುಗಟ್ಟಿಸಿ ಗಾಯಕ್ಕೆ ಬಳಿದರೆ ಬೇಗ ಮಾಗಬಹುದು ಎಂದು. ದೊಡ್ಡೂರಿನ ದೊಡ್ಡ ಡಾಕ್ಟರೊಬ್ಬರು ಫೋನಿನಲ್ಲಿ ನಕ್ಕರಂತೆ, ಶಿಕಾರಿಪುರದಲ್ಲಿ ಇದೆಲ್ಲ ಯಾಕೆ ಎಂದು. ಶಿಕಾರಿಪುರದವರ ತೊಡೆ ಉರಿಯುವುದಿಲ್ಲವೇ ಎಂದು ಕೇಳಿ ಈಕೆ ಫೋನಿಟ್ಟರು. ರಕ್ತ ತಿರುಗಿಸುವ ಯಂತ್ರವಿದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರ ತನ್ವೀರನ ಲ್ಯಾಬಿನಲ್ಲಿ. ಇದು ಮಂತ್ರವಲ್ಲ, ಫಲ ಕೊಡದೆಯೂ ಇರಬಹುದು ಎಂದು ಗಂಗಾಶ್ರೀಗೆ ಬಿಡಿಸಿ ಹೇಳಿ, ಒಪ್ಪಿಗೆ ಪಡೆದು, ಅವಳ ರಕ್ತವನ್ನು ಅಲ್ಲಿ ತಿರುಗಿಸಿ ತಂದು, ವ್ಯತ್ಯಾಸ ತಿಳಿಯಲೆಂದು ತೊಡೆಯ ಅರ್ಧ ಗಾಯಕ್ಕೆ ಬಳಿದು ಉಳಿದರ್ಧವನ್ನು ಎಂದಿನಂತೆ ಕಟ್ಟಿದರು.

ಮೂರ್ನಾಲ್ಕು ದಿನ ಬಿಟ್ಟು ಕಟ್ಟು ಬಿಚ್ಚುವಾಗ ನಾನೂ ಅಲ್ಲಿದ್ದೆ. ಕಟ್ಟು ಡಾಕ್ಟರು ಕಟ್ಟಿದ್ದಲ್ಲ. ಒಳಗೆ ಗಾಯ ಹಸಿರುಗಟ್ಟಿ ವಾಸನೆ ಹೊಡೆಯುತ್ತಿತ್ತು. ಆದದ್ದಿಷ್ಟು: ತನ್ವೀರನ ಲ್ಯಾಬಿನಿಂದ ಬಂದ ರಕ್ತವೆಂದರೆ ಯಾರ ಯಾರದೋ ರಕ್ತವೆಂದು ವರಾಂಡದಲ್ಲಿ ಯಾರೋ ಹೇಳಿದ್ದರು. ಸೋಮವಾರ ಸೊಸೆ ಇಷ್ಟಲಿಂಗ ಪೂಜೆಗೆ ಕೂರಬೇಕು, ಪರರ ರಕ್ತ ಮೆತ್ತಿಕೊಂಡು ಲಿಂಗ ಹೇಗೆ ಮುಟ್ಟಿಯಾಳು ಎಂದು ಅತ್ತೆ ರಾಜೇಶ್ವರಮ್ಮ ಅವಳನ್ನು ಬಚ್ಚಲಿಗೆ ಕರೆದೊಯ್ದು, ಕಟ್ಟು ಬಿಚ್ಚಿ, ತಂಬಿಗೆ ನೀರಿನಲ್ಲಿ ಗಾಯವನ್ನು ಉಜ್ಜಿ ತೊಳೆದು, ವಿಭೂತಿ ಹಚ್ಚಿ, ಹಳೆ ಪಂಚೆ ಹರಿದು ಸುತ್ತಿದ್ದರು. ಮುದುಕಿಯ ಮನಸ್ಸಿನಲ್ಲಿ ಕೇಡಿರಲಿಲ್ಲ. ಕೇಡಿಲ್ಲದ ಮನಸ್ಸುಗಳು ಮಾಡುವ ಕೇಡನ್ನು ಕಂಡಾಗ ಬರುವ ಸಿಟ್ಟಿಗೆ ದಾರಿಯೇ ಇಲ್ಲ.

ನೀಲಾಂಬಿಕ ಕೂಗಲಿಲ್ಲ. ಅವರ ದನಿ ಅಷ್ಟು ತಗ್ಗಿದ್ದನ್ನು ನಾನು ಬೇರೆಂದೂ ಕೇಳಿಲ್ಲ.

"ಲಿಂಗ ಕಟ್ಟಿದ ಮೈಗೆ ಸೂತಕ ಇಲ್ಲ ಅಂತ ನಮ್ಮ ಹಿರಿಯರು ಹೇಳಿ ಎಷ್ಟು ಶತಮಾನ ಆತು? ನಾನೂ ಲಿಂಗ ಕಟ್ಟಿದಾಕೀನೇ. ದಿನಾ ಈ ಕೈ ರಕ್ತದಾಗೇ ಇರ್ತದೆ."

ರಾಜೇಶ್ವರಮ್ಮ ಸೆರಗು ಸರಿಮಾಡಿಕೊಂಡು, "ನಿಮ್ದು ಓದಿದೋರ ಧರ್ಮ, ತಾಯಿ. ನಮ್ದು ಮನೀ ಧರ್ಮ" ಎಂದರು.

ಡಾಕ್ಟರು ಮುದುಕಿಯ ಮೇಲೆ ರೇಗಾಡುವರೆಂದು ನಾನು ಕಾದೆ. ಅವರು ಗಂಗಾಶ್ರೀಯ ಎಡತೋಳಿನಿಂದ ಮತ್ತೆ ರಕ್ತ ಎಳೆದು, ಬೆಚ್ಚಗಿನ ಆ ನಳಿಗೆಯನ್ನು ರಾಜೇಶ್ವರಮ್ಮನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ನಡೀರಿ ಎಂದರು. ಶಿಕಾರಿಪುರದ ಮುಖ್ಯರಸ್ತೆಯಲ್ಲಿ ಮುಂದೆ ಹರಿದ ಜೇಬಿನ ಕೋಟು, ಹಿಂದೆ ಸೊಸೆಯ ರಕ್ತವನ್ನು ಹಣತೆಯಂತೆ ಹಿಡಿದ ಅತ್ತೆ, ಅವರ ಹಿಂದೆ ನಾನು. ಯಂತ್ರ ನಿಲ್ಲುವ ತನಕ ಮುದುಕಿ ಕಣ್ಣು ಕೀಳಲಿಲ್ಲ. ಹಳದಿ ನೀರು ಕಂಡಾಗ, ಇದೂ ಅವಳದೇ ಏನು ಎಂದು ತನ್ವೀರನನ್ನು ಕೇಳಿದರು. ನಿಮ್ಮ ಕೈಯಲ್ಲೇ ಬಂದದ್ದಲ್ಲವೇ ಅಮ್ಮಾ ಎಂದ ಆತ. ಆಮೇಲೆ ತೊಳೆಯುವ ಮಾತು ಅವರ ಬಾಯಲ್ಲಿ ಬರಲಿಲ್ಲ.

ನಂಜೇರಿದ ಗಾಯವನ್ನು ಮೊದಲು ಶುದ್ಧಮಾಡಿಕೊಂಡು, ಆಮೇಲೆ ಮತ್ತೆ ಅರ್ಧಕ್ಕೆ ಬಳಿದರು. ಬಳಿದ ಅರ್ಧ ಮೊದಲು ಗುಲಾಬಿಗೆ ತಿರುಗಿತು. ಕಂಡೊಡನೆ ಉಳಿದರ್ಧಕ್ಕೂ ಬಳಿದರು. ಒಂದು ತೊಡೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ನನ್ನ ಉತ್ಸಾಹಕ್ಕೆ ತಣ್ಣೀರೆರಚಿದವರೂ ಅವರೇ. ತೊಡೆ ಮಾಗಿದ ಮೇಲೆ ಚರ್ಮ ಎತ್ತಿದರು, ಕಂಕುಳು ಮುಚ್ಚಿದರು. ಆದರೆ ಬಚ್ಚಲಿನಲ್ಲಿ ಕಳೆದುಹೋದ ದಿನಗಳಲ್ಲಿ ಕಂಕುಳಿನ ಗಾಯ ಮುದುರಿಯಾಗಿತ್ತು. ತೋಳು ಭುಜದ ಮಟ್ಟಕ್ಕೆ ಬಂದು ನಿಂತಿತು.

ಮನೆಗೆ ಕಳಿಸುವ ದಿನ ಗಂಡ ಗುರುಪ್ರಕಾಶ್ ಹಾರ, ಹಣ್ಣು ತಂದಿದ್ದ. ರೊಟ್ಟಿ ತಟ್ಟಬಹುದು, ನೀರು ಸೇದಬಹುದು, ಹೆಣ್ಣಿಗೆ ಇಷ್ಟು ಸಾಕು, ನೀವು ದೇವರು ಎಂದ. ಮನೆಮಂದಿಯೆಲ್ಲ ಸಾಕು ಸಾಕು ಎಂದರು. ಡಾಕ್ಟರು ಹಾರವನ್ನು ಮಂಚದ ಮೇಲೆ ಎಸೆದರು.

"ಯಾರಿಗೆ ಸಾಕು?"

ಗಂಗಾಶ್ರೀ ಬಲಗೈ ಎತ್ತಿದಳು, ಅದು ನಿಲ್ಲುವಲ್ಲಿ ನಿಂತಿತು. ಹಲ್ಲು ಕಚ್ಚಿ ಇನ್ನಷ್ಟು ಎತ್ತಲು ನೋಡಿದಳು. ತರಗತಿಯಲ್ಲಿ ಹೆಸರು ಕೂಗಿದರೂ ತಲೆ ತಗ್ಗಿಸುತ್ತಿದ್ದ ಆ ಹುಡುಗಿಯ ಮುಖ ಕೆಂಪಗಾಗಿತ್ತು.

"ನಂಗೆ ಸಾಕಾಗ್ಲಿಲ್ಲ" ಎಂದಳು. "ಇನ್ನೊಂದ್ಸಲ ತೊಡೆಯಿಂದ ತೆಗೀರಿ. ಉರಿದ್ರೆ ಉರೀಲಿ."

ಮಳೆಗಾಲ ಕಳೆದ ಮೇಲೆ ಮೂರನೆಯ ಶಸ್ತ್ರಚಿಕಿತ್ಸೆಯಾಯಿತು. ಗಂಡನ ಮನೆಯವರು ಕರೆತರಲಿಲ್ಲ. ಅವಳೇ ಹೊಸಬಾಳೆಯ ತವರಿಗೆ ಹೋಗಿ, ಸೊರಬದ ಬಸ್ಸಿನಲ್ಲಿ ಬಂದಳು. ಆಮೇಲೆ ಅವಳ ತುರುಬನ್ನು ಅವಳೇ ಕಟ್ಟಿಕೊಂಡಳು.

ಕರುಣೆಯುಳ್ಳ ವೈದ್ಯರನ್ನು ನಾವು ಹೊಗಳುತ್ತೇವೆ, ಅವರು ನಮ್ಮ ನೋವನ್ನು ಸಹಿಸುವಂತೆ ಮಾಡುತ್ತಾರೆಂದು. ನೀಲಾಂಬಿಕರಂಥವರು ಬೇರೆ ಜಾತಿಯವರು. ಅವರ ಹತ್ತಿರ ಹೋದವರಿಗೆ ಸಮಾಧಾನ ಸಿಗುವುದಿಲ್ಲ, ಅವರಿಗೆ ಹಾರ ನಿಲ್ಲುವುದಿಲ್ಲ, ಅವರ ಹೆಸರಿನಲ್ಲಿ ವೃತ್ತವಾಗುವುದಿಲ್ಲ. ಇನ್ನೊಬ್ಬರ ಮೈಗೆ ಎಷ್ಟು ಸಾಕೆಂದು ತೀರ್ಮಾನಿಸುವ ಜನರ ನಡುವೆ ಇಂಥವರು ತಮ್ಮ ಸಿಟ್ಟನ್ನು ಜೀವಮಾನವಿಡೀ ಆರದಂತೆ ಕಾಪಾಡಿಕೊಂಡು ಬರುತ್ತಾರೆ, ಸಿಟ್ಟು ಮಾಡುವ ಹಕ್ಕು ತನಗೂ ಇದೆಯೆಂದು ಗೊತ್ತಿಲ್ಲದ ಒಬ್ಬಳು ಎದುರಿಗೆ ಬಂದ ದಿನ ಅದನ್ನು ಅವಳ ಕೈಗೆ ಕೊಟ್ಟುಬಿಡಲೆಂದು.