ಹತ್ತಿ ಸುತ್ತಿದ ಕಡ್ಡಿ

ಕಾಗದದ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದ ಗೂಳಪ್ಪ ದಿನದಂತೆ ಅಂಗಳದಲ್ಲಿ ಕೂತು ಸರ್ದಾರನ ಮೈ ಬಾಚುತ್ತಿದ್ದ. ಸರ್ದಾರ ಬಾರ್ಡರ್ ಕೋಲಿ, ಕುರಿ ಕಾಯುವುದಕ್ಕೆ ಹೆಸರಾದ ನಾಯಿಜಾತಿ. ದಾಂಡೇಲಿಯಲ್ಲಿ ಅಂಥದ್ದು ಇನ್ನೊಂದಿದ್ದರೆ ಗೆಳೆಯ ಶಿವಲಿಂಗನ ರಾಣಿ ಮಾತ್ರ ಎಂಬ ಜಂಬ ಗೂಳಪ್ಪನಿಗಿತ್ತು. ಎರಡೂ ಒಂದೇ ತಾಯಿಗೆ ಹುಟ್ಟಿದವು. ರಕ್ತ ಕೆಡಬಾರದೆಂದು ಅವುಗಳನ್ನೇ ಜೋಡಿ ಮಾಡಿಸಿ, ಗಂಡುನಾಯಿಯ ಕಡೆಯವರಿಗೆ ವಾಡಿಕೆಯಂತೆ ಸಲ್ಲುವ ಮೊದಲ ಮರಿಯನ್ನು ಸನವಳ್ಳಿಯಲ್ಲಿ ಕುರಿ ಸಾಕಿದ್ದ ದೊಡ್ಡಮ್ಮನ ಮಗಳು ಮಾಲವ್ವನಿಗೆ ಕೊಟ್ಟಿದ್ದ.

ಆ ಮರಿ, ಚಂದ್ರಿ, ಎರಡು ವರ್ಷ ಕುರಿ ಕಾಯಿತು. ಹೋದ ತಿಂಗಳು ಉಣ್ಣಿ ಹತ್ತಿದವೆಂದು ಮಾಲವ್ವ ಕುರಿಗಳ ಚುಚ್ಚುಮದ್ದಿನಲ್ಲಿ ಉಳಿದದ್ದನ್ನು ಅದಕ್ಕೂ ಚುಚ್ಚಿದಳು. ಊರನಾಯಿಗಳಿಗೆ ಹಾಗೆ ಮಾಡುವುದು ಅವರಲ್ಲಿ ರೂಢಿ, ಯಾವುದಕ್ಕೂ ಏನೂ ಆಗಿರಲಿಲ್ಲ. ಚಂದ್ರಿ ತೂರಾಡಿತು, ಕಣ್ಣು ಕಾಣದಾಯಿತು, ಮೂರನೆಯ ದಿನ ಸತ್ತಿತು.

ಕುರಿಯ ಔಷಧ ನಾಯಿಗೆ ಯಾರು ಕೊಡುತ್ತಾರೆಂದು ಗೂಳಪ್ಪ ಫೋನಿನಲ್ಲೇ ರೇಗಿದ್ದ. ನಾಲ್ಕು ದಿನ ಬಿಟ್ಟು ಅವಳೇ ಫೋನು ಮಾಡಿ, ಇನ್ನೊಂದು ಮರಿ ಕೊಡು, ಅದಕ್ಕೆ ಯಾವ ಔಷಧವನ್ನೂ ಮುಟ್ಟಿಸುವುದಿಲ್ಲ ಎಂದು ಕೇಳಿಕೊಂಡಳು.

ರಾಣಿ ಮತ್ತೆ ಬೆದೆಗೆ ಬಂದಿತ್ತು. ಆದರೆ ಹಳಿಯಾಳದ ಪಶುವೈದ್ಯೆ ಮಧುಮತಿ, ಚಂದ್ರಿ ಸತ್ತ ಬಗೆ ಕೇಳಿ, ಮೊದಲು ಎರಡನ್ನೂ ಪರೀಕ್ಷೆ ಮಾಡಿಸಿ ಎಂದಿದ್ದರು. ಅವರ ಮಾತಿಗೆ ಇಲ್ಲವೆನ್ನಲಾರದೆ ಗೂಳಪ್ಪ ಮಾಡಿಸಿದ್ದ. ಈಗ ವರದಿ ಫೋನಿಗೆ ಬಂತು. ಸರ್ದಾರನಲ್ಲೂ ರಾಣಿಯಲ್ಲೂ ವಂಶದಿಂದ ಬರುವ ಒಂದೇ ದೋಷ. ತಂದೆ ತಾಯಿ ಇಬ್ಬರಿಂದಲೂ ಅದು ಬಂದ ಮರಿಗೆ ಆ ಔಷಧ ವಿಷವಾಗಿ ತಲೆಗೇರುತ್ತದೆ ಎಂದು ವೈದ್ಯೆ ವಿವರಿಸಿದರು. ಗೂಳಪ್ಪ ಬಾಚಣಿಕೆ ಕೆಳಗಿಟ್ಟ.

"ಎಲ್ಲಾ ಮರಿಗೂ ಹಂಗ ಆಗೂದಿಲ್ಲಲ್ಲ," ಎಂದ ಸಂಜೆ ಬಂದ ಶಿವಲಿಂಗ. "ಆ ಔಷಧ ಹಾಕಬ್ಯಾಡ್ರಿ ಅಂತ ಹೇಳೇ ಕೊಡೂಣು. ಜನ ಮರಿ ಕೇಳಾಕತ್ಯಾರ."

"ಬ್ಯಾಡ," ಎಂದ ಗೂಳಪ್ಪ.

ರವಿವಾರ ಸನವಳ್ಳಿಗೆ ಹೋದ. ಚಂದ್ರಿಯ ತಾಟು ಇನ್ನೂ ಬಾಗಿಲ ಬದಿಯಲ್ಲೇ ಇತ್ತು. ಮಾಲವ್ವ ಚಹಾ ತಂದಿಟ್ಟು, ಮರಿ ಯಾವಾಗ ಆಗುತ್ತದೆಂದು ಕೇಳಿದಳು.

"ಇನ್ನ ಮರಿ ಇಲ್ಲಕ್ಕಾ. ಚಂದ್ರಿ ಸತ್ತಿದ್ದು ನಿನ್ನ ಕೈಯಿಂದ ಅಲ್ಲ. ನಾ ಜೋಡಿ ಮಾಡಿಸಿದ್ದ ತಪ್ಪು." ವರದಿಯಲ್ಲಿದ್ದುದನ್ನೆಲ್ಲ ಹೇಳಿದ.

"ಮೊದಲ ಗೊತ್ತಾಗ್ತಿತ್ತೇನು, ತಮ್ಮಾ?"

"ಗೊತ್ತಾಗ್ತಿತ್ತು."

"ಹೆಂಗ ನೋಡ್ತಾರ?"

"ಹತ್ತಿ ಸುತ್ತಿದ ಕಡ್ಡಿ ಗಲ್ಲದ ಒಳಗ ಆಡಸ್ತಾರ."

"ಅಷ್ಟ?"

"ಅಷ್ಟ."

ಮಾಲವ್ವ ಚಂದ್ರಿಗೆ ಸೂಜಿ ಚುಚ್ಚಿದ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಚಂದ್ರಿಯ ಜೊತೆ ಹುಟ್ಟಿದ ಮರಿಗಳು ಎಲ್ಲೆಲ್ಲಿವೆ ಎಂದು ಕೇಳಿದಳು. ಅವನು ನಾಲ್ಕು ಊರುಗಳ ಹೆಸರು ಹೇಳಿದ. ಅವಳು ಸೆರಗು ಕೊಡವಿಕೊಂಡು ಎದ್ದಳು.

"ಅದರಾಗ ಚಿಗಳ್ಳಿ ಹತ್ರ ಐತಿ. ಆ ಔಷಧ ಚುಚ್ಚಬ್ಯಾಡ್ರಿ ಅಂತ ಮೊದಲ ಅಲ್ಲಿ ಹೇಳಿ ಬರೂಣು, ನಡಿ."