ಮೆಟ್ಟಿಲ ಮೇಲೆ ಬದಲಾದವಳು

ನನ್ನ ಗಂಡ ನನಗೆ ಹೆದರುತ್ತಾರೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನನ್ನ ಬಾಯಿ ಅಂಥದ್ದು. ನನ್ನ ಇಸ್ತ್ರಿ ಅಂಗಡಿಯಲ್ಲಿ ನಿಂತು ನಾನು ಬೈಯಲು ಶುರುಮಾಡಿದರೆ ಮೂರನೇ ಮಹಡಿಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಆದರೆ ಈಗ ಅವರು ಹೆದರುವುದು ನನ್ನ ಬಾಯಿಗಲ್ಲ, ಮುಖಕ್ಕೆ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಮನುಷ್ಯ ನನ್ನನ್ನು ಕಂಡರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾರೆ.

ಅವರದು ಸುಟ್ಟುಹೋದ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ. ಒಂದು ಕಟ್ಟಡದ ಮೇಲಿಂದ ಮೋಟರು ಇಳಿಸಲು ಹೋದಾಗ ಏಣಿ ಜಾರಿತು. ತಲೆ ಸಿಮೆಂಟು ಕಟ್ಟೆಯ ಅಂಚಿಗೆ ಬಡಿಯಿತು. ಹತ್ತೊಂಬತ್ತು ದಿನ ಆಸ್ಪತ್ರೆ. ಸೋಂಕು ತಗಲಬಾರದೆಂದು ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ನರ್ಸ್ ವಿಡಿಯೋ ಕಾಲ್ ಮಾಡಿ ಫೋನನ್ನು ಅವರ ಮುಖದ ಮುಂದೆ ಹಿಡಿಯುತ್ತಿದ್ದಳು. ತಲೆ ತುಂಬ ಬ್ಯಾಂಡೇಜು, ಊದಿದ ಕಣ್ಣು. ಮಾತು ಮಾತ್ರ ನೆಟ್ಟಗಿತ್ತು. ಶಾಲೆಯವರ ಪಂಪು ಕೊಟ್ಟೆಯಾ, ಅಂಗಡಿ ಬೀಗದ ಕೈ ಎಲ್ಲಿಟ್ಟೆ ಎಂದೆಲ್ಲ ಕೇಳುತ್ತಿದ್ದರು. ನಾನು ಬೈದರೆ ನಗುತ್ತಿದ್ದರು. ಬುದ್ಧಿಗೆ ಏನೂ ಆಗಿಲ್ಲ, ಬದುಕಿದೆ ಅಂದುಕೊಂಡೆ.

ಬಿಡುಗಡೆಯ ದಿನ ಗಾಲಿಕುರ್ಚಿಯಲ್ಲಿ ಬಾಗಿಲಿಗೆ ತಂದರು. ಓಡಿಹೋಗಿ ಎದುರು ನಿಂತೆ. ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆಮೇಲೆ ಕುರ್ಚಿ ತಳ್ಳುವವನ ಕಡೆ ತಿರುಗಿ, ನನ್ನ ಹೆಂಡತಿ ಬರಲಿಲ್ಲವಾ ಎಂದು ಕೇಳಿದರು. ತಮಾಷೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಗಾಡಿಯಲ್ಲಿ ಮೂಲೆಗೆ ಒತ್ತಿ ಕೂತರು. ಮನೆಗೆ ಬಂದ ಮೇಲೆ ನನ್ನ ಹಣೆ, ಮೂಗು, ಗಲ್ಲದ ಮೇಲಿನ ಕಲೆ ಎಲ್ಲವನ್ನೂ ಒಂದೊಂದಾಗಿ ನೋಡಿ ಮೆತ್ತಗೆ ಹೇಳಿದರು:

"ನೀವು ಥೇಟ್ ಅವಳ ಹಾಗೇ ಇದ್ದೀರಿ. ಆದ್ರೆ ಅವಳಲ್ಲ."

ಅವರು ನನಗೆ ಒಂದು ದಿನವೂ 'ನೀವು' ಅಂದವರಲ್ಲ.

ನರದ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮುಖ ಯಾರದೆಂದು ಹೇಳುವುದು ಮಿದುಳಿನ ಒಂದು ಕೆಲಸವಂತೆ. ನಮ್ಮವರು ಎದುರು ಬಂದಾಗ ಮೈಯೊಳಗೆ ಸಣ್ಣ ಬಿಸಿ ಏಳಿಸುವುದು ಇನ್ನೊಂದು. ಇವರಿಗೆ ಮೊದಲನೆಯದು ಉಳಿದಿದೆ, ಎರಡನೆಯದರ ದಾರಿ ಕಡಿದಿದೆ. ಮುಖ ಹೆಂಡತಿಯದೇ, ಆದರೆ ಒಳಗೆ ಏನೂ ಏಳುವುದಿಲ್ಲ. ಹಾಗಾದರೆ ಇವಳು ಯಾರೋ ವೇಷದವಳು ಎಂದು ಬುದ್ಧಿ ತಾನೇ ಒಂದು ಕಥೆ ಕಟ್ಟಿಕೊಳ್ಳುತ್ತದೆ. ಮತ್ತೆ ಫೋನಿನಲ್ಲಿ ಹೇಗೆ ಸರಿಯಾಗಿ ಮಾತಾಡಿದರು ಎಂದು ನಾನು ಸಿಡುಕಿದೆ. ಖಚಿತವಾಗಿ ಹೇಳಲಾರೆ, ಆದರೆ ಅಂಗೈಯಗಲದ ಮುಖ, ಕಣ್ಣಿಗೆ ಕಣ್ಣು ಕೂಡುವುದಿಲ್ಲ, ಅಲ್ಲಿ ಆ ಬಿಸಿ ಯಾರಿಗಾದರೂ ಅರ್ಧಮರ್ಧವೇ ಎಂದರು. ಹಾಗಾಗಿ ಫೋನಿನಲ್ಲಿ ಅದು ಬಾರದಿದ್ದರೂ ಮಿದುಳಿಗೆ ಅನುಮಾನ ಬರುವುದಿಲ್ಲವೇನೋ ಎಂದರು. ಮಾತ್ರೆ ಕೆಲಸ ಮಾಡಲು ಎಂಟು ವಾರ ಬೇಕು. ಅಲ್ಲಿಯವರೆಗೆ ವಾದ ಮಾಡಬೇಡಿ, ಹರಿತವಾದದ್ದು ಕೈಗೆ ಸಿಗದಂತೆ ನೋಡಿಕೊಳ್ಳಿ, ಸಿಟ್ಟು ಬಂದರೆ ತಕ್ಷಣ ಕರೆತನ್ನಿ.

ಎಲ್ಲಕ್ಕೂ ತಲೆ ಆಡಿಸಿದೆ. ವಿಡಿಯೋ ಕಾಲ್ ಮಾಡುವುದನ್ನು ನಾನು ಬಿಡುವುದಿಲ್ಲ ಎನ್ನುವುದೊಂದನ್ನು ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದರು. ಅದು ಗೊತ್ತಿದ್ದೇ ಹೇಳಲಿಲ್ಲ.

ನಮ್ಮ ಮನೆ ಎರಡನೇ ಮಹಡಿ. ಕೆಳಗೆ, ಬೀದಿ ದಾಟಿದರೆ ನನ್ನ ಅಂಗಡಿ. ಮನೆಯ ಕಿಟಕಿಗಳು ಹಿಂದಿನ ಗೋಡೆಗೆ ತೆರೆಯುತ್ತವೆ, ಬೀದಿ ಕಾಣುವುದಿಲ್ಲ. ತಲೆ ಸುತ್ತುವುದರಿಂದ ಅವರು ಒಬ್ಬರೇ ಮೆಟ್ಟಿಲಿಳಿಯುವಂತಿಲ್ಲ. ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ನಾನು ಅಂಗಡಿಯಿಂದ ವಿಡಿಯೋ ಕಾಲ್ ಮಾಡುತ್ತಿದ್ದೆ. ನನ್ನ ಬೆನ್ನ ಹಿಂದೆ ಮಡಿಸಿಟ್ಟ ಹೋಟೆಲಿನವರ ಹಾಸುಗಳ ರಾಶಿ. "ಏ, ಉಂಡೆಯಾ?" ಅನ್ನುತ್ತಿದ್ದರು. ಆ 'ಏ' ಕೇಳಲು ನಾನು ಬೆಳಗಿನಿಂದ ಕಾಯುತ್ತಿದ್ದೆ.

ಮೊದಲನೇ ದಿನವೇ ಫೋನಿನಲ್ಲಿ ನಿಜ ಹೇಳಿ ನೋಡಿದ್ದೆ: ಮೇಲಿರುವವಳೂ ನಾನೇ ಕಣ್ರೀ ಎಂದು. ಅವರ ಮುಖ ಬಿಳಿಚಿತು. ನಿನ್ನನ್ನೂ ಹೆದರಿಸಿ ಹೀಗೆ ಹೇಳಿಸುತ್ತಿದ್ದಾರಾ ಎಂದು ಪಿಸುಗುಟ್ಟಿದರು. ಅಲ್ಲಿಗೆ ಬಿಟ್ಟೆ.

ಅಂಗಡಿ ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಮುದುಕನೊಬ್ಬ ಕೂರುತ್ತಾನೆ. ಬಾಯಲ್ಲಿ ಯಾವಾಗಲೂ ನಾಲ್ಕು ಮೊಳೆ ಕಚ್ಚಿಕೊಂಡಿರುವುದರಿಂದ ಎಲ್ಲರಿಗೂ ಅವನು ಮೊಳೆ ಮಾವ. ನಾನು ಹಾಸುಗಳ ಮರೆಯಲ್ಲಿ ಫೋನು ಹಿಡಿದು ನಿಂತದ್ದನ್ನು ನೋಡಿ ಮೊಳೆ ಉಗುಳಿದ.

"ಗಂಡನಿಗೆ ಗೊತ್ತಾಗದ ಹಾಗೆ ಫೋನಲ್ಲಿ ಮಾತಾಡೋರನ್ನ ನೋಡಿದ್ದೀನಿ ಕಣಮ್ಮ. ಗಂಡನ ಹತ್ರಾನೇ ಕದ್ದು ಮಾತಾಡೋಳನ್ನ ನೋಡಿದ್ದು ನಿನ್ನೇ ಮೊದಲು."

ನಿನ್ನ ಮೊಳೆ ನೀನು ಹೊಡಿ ಎಂದೆ. ಆದರೆ ನಗು ಬಂತು. ಆ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ ಇರಬೇಕು.

ನನ್ನ ತಪ್ಪು ಯಾವುದೆಂದರೆ, ಪ್ರತಿ ಸಲ ಫೋನಿಡುವ ಮುಂಚೆ ಅವರು, ಮೇಲೆ ಬಾರೇ, ಒಬ್ಬನೇ ಇದ್ದೀನಿ ಅನ್ನುತ್ತಿದ್ದರು. ನಾನು, ಇಗೋ ಬಂದೆ ಅನ್ನುತ್ತಿದ್ದೆ. ಇಪ್ಪತ್ತಾರು ವರ್ಷದ ಅಭ್ಯಾಸ, ಬಾಯಿಗೆ ತಾನಾಗಿ ಬರುತ್ತಿತ್ತು. ಆಮೇಲೆ ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ಬಾಗಿಲು ತೆರೆಯುವ ಹೊತ್ತಿಗೆ ಅವರು ಆಸೆಯಿಂದ ಎದ್ದು ನಿಂತಿರುತ್ತಿದ್ದರು. ನನ್ನ ಮುಖ ಕಂಡ ಕೂಡಲೇ ಗೋಡೆಗೆ ಸರಿಯುತ್ತಿದ್ದರು. ದಿನಕ್ಕೆರಡು ಸಲ, ಹನ್ನೆರಡು ದಿನ. ಅವರ ಲೆಕ್ಕದಲ್ಲಿ ಏನಾಗುತ್ತಿತ್ತು ಎನ್ನುವುದು ನನ್ನ ಮೊಂಡು ತಲೆಗೆ ಹೊಳೆಯಲಿಲ್ಲ.

ಹದಿಮೂರನೇ ದಿನ ಹನ್ನೊಂದು ಗಂಟೆಯ ಕಾಲ್ ಮುಗಿಸಿ, ಅವರ ಊಟ, ಮಾತ್ರೆ, ಒಗೆದ ಬಟ್ಟೆಯ ಗಂಟು ಹಿಡಿದು ಮೇಲೆ ಹೋದೆ. ಬಾಗಿಲು ಅರೆ ತೆರೆದಿತ್ತು. ಕೋಣೆಯಲ್ಲಿ ಅವರು ಕಾಣಲಿಲ್ಲ. ಒಳಗೆ ಕಾಲಿಟ್ಟೆ. ಹಿಂದೆ ಬಾಗಿಲು ಹಾಕಿದ ಸದ್ದಾಯಿತು, ಚಿಲಕವೂ ಬಿತ್ತು. ತಿರುಗಿದರೆ ಬಾಗಿಲಿಗೆ ಒರಗಿ ಅವರು ನಿಂತಿದ್ದರು, ಕೈಯಲ್ಲಿ ಮೋಟರಿನ ಹಳೇ ಶಾಫ್ಟು. ಮೊಳದುದ್ದದ ಕಬ್ಬಿಣ. ಚಾಕು, ಕತ್ತರಿ, ಸ್ಕ್ರೂಡ್ರೈವರು ಎಲ್ಲ ಬಚ್ಚಿಟ್ಟಿದ್ದೆ. ಇದು ಗಾಳಿಗೆ ಬಾಗಿಲು ಬಡಿಯದಂತೆ ಕೆಳಗೆ ಇಡುತ್ತಿದ್ದ ತುಂಡು. ನನ್ನ ಕಣ್ಣಿಗೆ ಅದು ಆಯುಧವಾಗಿ ಕಂಡೇ ಇರಲಿಲ್ಲ.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ಸಿಟ್ಟಿನವನು ಹೊಡೆದು ನಿಲ್ಲಿಸುತ್ತಾನೆ, ಹೆದರಿದವನು ನಿಲ್ಲಿಸುವುದಿಲ್ಲ.

"ಅವಳು ಬರ್ತೀನಿ ಅಂದಾಗಲೆಲ್ಲ ನೀವು ಬರ್ತೀರಿ," ಅಂದರು. "ಮೆಟ್ಟಿಲ ಮೇಲೆ ಅವಳನ್ನ ಏನು ಮಾಡ್ತೀರಿ?"

ಡಾಕ್ಟರಮ್ಮನ ಬುದ್ಧಿಮಾತು ಎಲ್ಲಿಗೆ ಹೋಯಿತೋ. ನನ್ನ ಹಾಳು ಬಾಯಿ ಬಿಚ್ಚಿಕೊಂಡಿತು. ಕಣ್ಣು ಸೀದುಹೋಗಿದೆಯಾ, ನಿಮ್ಮ ಮಲಮೂತ್ರ ಬಾಚಿದವಳು ಯಾರು ಎಂದು ಕೂಗಾಡಿದೆ. ಅವಳ ಬೈಗುಳ ಕೂಡ ಕದ್ದಿದ್ದೀರಾ ಎಂದು ಅವರು ಶಾಫ್ಟು ಎತ್ತಿದರು. ಮೊದಲನೇ ಪೆಟ್ಟು ಊಟದ ಡಬ್ಬಿಗೆ ಬಿತ್ತು. ನಾನು ಬಟ್ಟೆಗಂಟು ಅವರ ಮೇಲೆಸೆದು ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡೆ.

ಬಚ್ಚಲ ಬಾಗಿಲು ತಗಡಿನದು. ಒಂದೊಂದು ಏಟಿಗೂ ಒಳಮುಖವಾಗಿ ಡೊಗರು ಬೀಳುತ್ತಿತ್ತು. ನಾನು ಬೆನ್ನು ಕೊಟ್ಟು ಕೂತು ಎದುರಿನ ಗೋಡೆಗೆ ಕಾಲು ಒತ್ತಿದೆ. ಕಿರುಚಿದರೆ ಕೇಳುವುದು ಹಿಂದಿನ ಗೋಡೆಗೆ ಮಾತ್ರ. ಅಷ್ಟರಲ್ಲಿ ಏಟು ನಿಂತಿತು. ಸುಸ್ತಾದರೇನೋ ಅಂದುಕೊಂಡೆ. ಮರುಗಳಿಗೆ ನನ್ನ ಸೊಂಟದಲ್ಲಿ ಫೋನು ಬಡಿದುಕೊಳ್ಳತೊಡಗಿತು.

ಅವರು ಹೆಂಡತಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಆಪತ್ತಿನಲ್ಲಿ ಇನ್ಯಾರನ್ನು ಕರೆಯುತ್ತಾರೆ?

ಸದ್ದು ಅಡಗಿಸಲು ಕೈ ಹಾಕಿದೆ, ಬೆವರಿಗೆ ಜಾರಿತು. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ ಮಾತಾಡಿದ ಹಾಗೆ ಅವರ ದನಿ ಬಂತು. ಅಳುತ್ತಿದ್ದರು.

"ಅವಳ ಫೋನು ನಿಮ್ಮ ಹತ್ರ ಹೇಗೆ ಬಂತು? ಅವಳನ್ನ ಎಲ್ಲಿ ಹಾಕಿದ್ದೀರಿ?"

ಇನ್ನು ಅವರು ಬಿಡುವುದಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು. ಮೊದಲು ಅನುಮಾನ ಇತ್ತು, ಈಗ ಸಾಕ್ಷಿಯೇ ಸಿಕ್ಕಿತ್ತು. ಚಿಲಕದ ಒಂದು ಮೊಳೆ ಆಗಲೇ ಕಿತ್ತು ನೆಲಕ್ಕೆ ಬಿದ್ದಿತ್ತು. ನಾನು ಫೋನು ಎತ್ತಿ ಮುಖದ ಮುಂದೆ ಹಿಡಿದೆ.

"ರೀ," ಅಂದೆ. "ಒಳಗಿರೋದು ನಾನು. ನಾನೇ. ಅವಳು ಹೋದಳು."

ಪರದೆಯಲ್ಲಿ ಅವರ ಒದ್ದೆ ಮುಖ, ಅದರ ಹಿಂದೆ ನಮ್ಮ ಗೋಡೆ. ಒಂದೇ ಬಾಗಿಲಿನ ಆಚೆ ಈಚೆ ಕೂತು ನಾವಿಬ್ಬರೂ ಫೋನಿನಲ್ಲಿ ಒಬ್ಬರನ್ನೊಬ್ಬರು ನೋಡಿದೆವು. ಏ, ಅವಳು ಹೊಡೆದಳೇನೇ ನಿನಗೆ ಎಂದು ಕೇಳಿದರು. ಇಲ್ಲ ಅಂದೆ. ಹೊರಗೆ ಬಾ ಅಂದರು. ಬರಬೇಕೆಂದು ಜೀವ ಹೊಡೆದುಕೊಳ್ಳುತ್ತಿತ್ತು. ಬಂದರೆ ಏನಾಗುತ್ತದೆಂದೂ ಗೊತ್ತಿತ್ತು. ಬಾಗಿಲು ತೆರೆದ ಕೂಡಲೇ ಫೋನಿನವಳು ಮಾಯ, ವೇಷದವಳು ಪ್ರತ್ಯಕ್ಷ.

ಬರ್ತೀನಿ ಎನ್ನುವ ಮಾತನ್ನು ನುಂಗಿಕೊಂಡೆ. ಜೀವನದಲ್ಲಿ ಮೊದಲ ಸಲ ಯೋಚಿಸಿ ಮಾತಾಡಿದೆ. ಕಬ್ಬಿಣ ಕೆಳಗಿಡಿ, ಬಾಗಿಲಿಗೆ ಬೆನ್ನು ಮಾಡಿ ಕೂತ್ಕೊಳ್ಳಿ, ಕಣ್ಣು ಮುಚ್ಚಿ, ನಾನು ಹೇಳುವ ತನಕ ತೆರೆಯಬೇಡಿ ಎಂದೆ. ಯಾಕೆ ಎಂದರು. ನಿಮ್ಮ ಕಣ್ಣು ಕಂಡರೆ ನನಗೆ ಭಯ ಆಗುತ್ತೆ ಎಂದುಬಿಟ್ಟೆ. ಅದು ಸುಳ್ಳಲ್ಲ.

ಕಬ್ಬಿಣ ನೆಲ ಮುಟ್ಟಿದ ಸದ್ದು ಕೇಳಿತು.

ಚಿಲಕ ತೆಗೆದೆ. ನನಗೆ ಬೆನ್ನು ಮಾಡಿ ಕೂತಿದ್ದರು, ತಲೆಯ ಹೊಲಿಗೆ ಕಾಣುತ್ತಿತ್ತು. ಮೊದಲು ಶಾಫ್ಟನ್ನು ಕಾಲಿನಿಂದ ಮಂಚದ ಕೆಳಕ್ಕೆ ತಳ್ಳಿದೆ. ಹಿಂದೆ ಕೂತು ಅವರ ಹೆಗಲ ಮೇಲೆ ಕೈಯಿಟ್ಟೆ. ಮೈ ಬಿಗಿಯಾಯಿತು. ಆಮೇಲೆ ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಇಸ್ತ್ರಿಪೆಟ್ಟಿಗೆಗೆ ಸುಟ್ಟು ಗಟ್ಟಿಯಾದ ತುದಿಗಳನ್ನು ತಡವಿದರು. ಹೆಗಲು ಸಡಿಲವಾಯಿತು.

"ಬಂದೆಯಾ," ಅಂದರು. "ಎಷ್ಟು ದಿನ ಆಯ್ತೇ."

ನಾನು ಅತ್ತೆ. ಆದರೆ ಕಣ್ಣು ಅವರ ರೆಪ್ಪೆಯ ಮೇಲೇ ಇತ್ತು. ರೆಪ್ಪೆ ಅದುರಿತು.

"ಒಂದು ಸಲ ನೋಡ್ಲಾ?"

"ಬೇಡ ಕಣ್ರೀ."

"ನಾನು ನೋಡಿದ್ರೆ ಮತ್ತೆ ಅವಳು ಬರ್ತಾಳಾ?"

ಹೂಂ ಅಂದೆ. ಹಾಗಾದರೆ ನನ್ನ ಕಣ್ಣು ಕಟ್ಟಿಬಿಡು, ನನಗೆ ನನ್ನ ಮೇಲೆ ನಂಬಿಕೆ ಇಲ್ಲ ಎಂದರು. ಚೆಲ್ಲಿದ ಗಂಟಿನಿಂದ ಒಂದು ದಿಂಬಿನ ಚೀಲ ತೆಗೆದು ಉದ್ದಕ್ಕೆ ಮಡಿಸಿ ಕಟ್ಟಿದೆ. ಇನ್ನೂ ಬಿಗಿ ಎಂದು ಅವರೇ ಹೇಳಿದರು.

ಅವತ್ತೇ ಅವರನ್ನು ಕಣ್ಣು ಕಟ್ಟಿದ ಹಾಗೇ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಸಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದು ಫೋನಿನ ಕಥೆ ಎಲ್ಲ ಒಪ್ಪಿಸಿದೆ. ಬೈಸಿಕೊಂಡೆ, ತಿರುಗಿ ಬೈಯಲಿಲ್ಲ. ಆಸ್ಪತ್ರೆಯಲ್ಲೇ ಉಳಿಸಿಕೊಂಡು ಮಾತ್ರೆ ಹೆಚ್ಚಿಸಿದರು. ವಿಡಿಯೋ ಕಾಲ್ ಬಂದ್. ದಿನಾ ಒಂದು ಗಂಟೆ ಅವರು ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಆಮೇಲೆ ನನ್ನನ್ನು ಒಳಗೆ ಬಿಡುತ್ತಾರೆ. ಕೈ ಹಿಡಿದು ಕೂತು ಮಾತಾಡುತ್ತೇವೆ. ಅಂಗಡಿಯ ಸುದ್ದಿ, ಮೊಳೆ ಮಾವನ ಸುದ್ದಿ. ನಾನು ಬೈಯುತ್ತೇನೆ, ಅವರು ನಗುತ್ತಾರೆ. ಕಟ್ಟು ಸಡಿಲವಾಗಿದೆಯಾ ಎಂದು ನಾನು ನಡುನಡುವೆ ನೋಡುತ್ತಲೇ ಇರುತ್ತೇನೆ.

ಎಂಟನೇ ವಾರ ಮುಗಿಯಿತು. ನಾಳೆ ಹತ್ತು ಗಂಟೆಗೆ ನನ್ನೆದುರೇ ಕಣ್ಣಿನ ಬಟ್ಟೆ ಬಿಚ್ಚುವುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಇವರ ಎದುರಿಗೆ ನಾನು ಕೂರಬೇಕಂತೆ, ಮುಖ ಮರೆಸಬಾರದಂತೆ. ಪಕ್ಕದಲ್ಲಿ ಇಬ್ಬರು ಗಟ್ಟಿ ಆಳುಗಳು ನಿಂತಿರುತ್ತಾರೆ, ಹೆದರಬೇಡಿ ಎಂದರು. ಹೊಡೆಯುತ್ತಾರೆ ಎಂದು ನಾನು ಹೆದರುತ್ತಿಲ್ಲ. ಅವರು ಕಣ್ಣು ಬಿಟ್ಟು, ನನ್ನನ್ನು ನೋಡಿ, ಮರ್ಯಾದೆಯಿಂದ 'ನೀವು' ಅಂದುಬಿಟ್ಟರೆ?